ರಿಪೋರ್ಟ್ ಚೆನ್ನಾಗೈತೆ ಅಂತಾರೆ, ಮೈಕೈ ನೋವು ಮಾತ್ರ ಬಿಡ್ತಿಲ್ಲ: ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯಲ್ಲಿರೋರು ಹೇಳ್ರಿ

ಹಳೇ ಫಿಟ್ಟರ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನಗೆ 69. ಕಾಟನ್ ಮಿಲ್ಲಲ್ಲಿ ಫಿಟ್ಟರ್ ಆಗಿದ್ದೆ, ಮಿಲ್ ಮುಚ್ಚಿದ ಮೇಲೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಕೊಂಡೆ. ಹೋದ ವರ್ಷ ಮೂತ್ರ ಕಟ್ಟುತ್ತೆ ಅಂತ ತೋರಿಸೋಕೆ ಹೋದಾಗ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಯ್ತು. ಅಷ್ಟೊತ್ತಿಗೆ ಸೊಂಟದ ಮೂಳೆಗೂ ಒಂದು ಪಕ್ಕೆಲುಬಿಗೂ ಹರಡಿತ್ತು.

ಈಗ ಮೂರು ತಿಂಗಳಿಗೊಂದು ಲ್ಯೂಪ್ರೊಲೈಡ್ ಅನ್ನೋ ಹಾರ್ಮೋನ್ ಇಂಜೆಕ್ಷನ್. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಬಿರಾಟೆರೋನ್ ಅನ್ನೋ ಕ್ಯಾನ್ಸರ್ ಮಾತ್ರೆ ನಾಲ್ಕು, ತಿಂಡಿ ಆದ ಮೇಲೆ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್. ಮೂಳೆಗೆ ಅಂತ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಹಾಕ್ತಾರೆ. ಪಿಎಸ್‌ಎ (ಈ ಕ್ಯಾನ್ಸರ್ ಅಳೆಯೋ ರಕ್ತಪರೀಕ್ಷೆ) 140 ಇದ್ದದ್ದು 0.6ಕ್ಕೆ ಇಳಿದೈತೆ. ಸ್ಕ್ಯಾನಲ್ಲಿ ಹೊಸದೇನೂ ಇಲ್ಲ.

ಆದ್ರೆ ನೋವು. ಬೆಳಿಗ್ಗೆ ಎದ್ರೆ ಕೈಬೆರಳು ಮಡಚೋಕೆ ಬರಲ್ಲ, ಲೋಟ ಹಿಡಿಯೋಕೆ ಎರಡೂ ಕೈ ಬೇಕು. ಹತ್ತು ಗಂಟೆ ಹೊತ್ತಿಗೆ ಅದು ಸಡಿಲ ಆಗುತ್ತೆ, ಅಷ್ಟರಲ್ಲಿ ತೊಡೆ ಶುರು. ಸಂಜೆ ಭುಜ. ಕೈ ಎತ್ತಿದ್ರೆ ಗ್ರೀಸ್ ಇಲ್ಲದ ಬೇರಿಂಗ್ ತಿರುಗಿದಂಗೆ. ಒಂದು ದಿನ ಇದ್ದ ಕಡೆ ಇನ್ನೊಂದು ದಿನ ಇರಲ್ಲ. ಡಾಕ್ಟ್ರು ಒಳ್ಳೆಯವರೇ, ಪಿಎಸ್‌ಎ ನೋಡಿ ಖುಷಿ ಪಡ್ತಾರೆ. ನೋವಿನ ಮಾತು ತೆಗೆದ್ರೆ ಮಾತ್ರ "ವಯಸ್ಸಾಯ್ತಲ್ಲ ಯಜಮಾನ್ರೆ" ಅಂತಾರೆ. ಇಂಜೆಕ್ಷನ್ ಶುರು ಆಗೋಕೆ ಮುಂಚೆ ನನಗೇನು ಇಪ್ಪತ್ತೈದಾಗಿತ್ತಾ?

ಯಾರಿಗಾದ್ರೂ ಹಿಂಗೆ ಆಗೈತಾ? ಏನು ಮಾಡಿದ್ರಿ?

ತೆಂಗಿನ ತೋಟ (ಹೊಸದುರ್ಗ)

ಆಗೈತಣ್ಣಾರೆ. ಬೆರಳಿಂದು ಸೇಮ್ ಟು ಸೇಮ್. ನನಗೆ ಹರಡಿರಲಿಲ್ಲ, ರೇಡಿಯೇಷನ್ ಜೊತೆಗೆ ಬರೀ ಇಂಜೆಕ್ಷನ್ ಕೊಟ್ಟಿದ್ರು. ಅಂದ್ರೆ ಬೆರಳು ನೋವಿಗೆ ಕ್ಯಾನ್ಸರ್ರೇ ಬಂದು ಕೂತಿರಬೇಕು ಅಂತೇನಿಲ್ಲ ನೋಡ್ರಿ. ಕಾಯಿ ಸುಲಿಯೋ ಮಚ್ಚು ಹಿಡಿಯೋಕೆ ಆಗ್ತಿರಲಿಲ್ಲ. ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕೈ ಅದ್ದಿ ಕೂತ್ರೆ ಅರ್ಧ ಗಂಟೆಗೆ ಬಿಡ್ತಿತ್ತು. ಇಂಜೆಕ್ಷನ್ ನಿಲ್ಲಿಸಿದ ಮೇಲೂ ತಕ್ಷಣ ಹೋಗಲಿಲ್ಲ, ನಿಧಾನಕ್ಕೆ ಕಮ್ಮಿ ಆಯ್ತು.

ವಾರ್ಡ್ ಸಿಸ್ಟರ್ (ಚಿತ್ರದುರ್ಗ)

ಅಣ್ಣಾರೆ, ನಾನು ಕ್ಯಾನ್ಸರ್ ವಾರ್ಡಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ನೀವು ಇದನ್ನ ಒಂದು ನೋವು ಅಂತ ಹಿಡ್ಕೊಂಡು ಅದಕ್ಕೊಂದು ಕಾರಣ ಹುಡುಕ್ತಿದೀರಿ. ನನ್ನ ಅನುಭವದಲ್ಲಿ ಇದು ಮೂರ್ನಾಲ್ಕು ನೋವು ಒಟ್ಟಿಗೆ ಬಂದಿರೋದು. ಒಂದೊಂದಕ್ಕೂ ಬೇರೆ ಕಾರಣ, ಬೇರೆ ಔಷಧಿ. ಎಲ್ಲಾ ಕಲಸಿ "ಮೈಕೈ ನೋವು" ಅಂತ ಹೇಳಿದ್ರೆ ಡಾಕ್ಟರಿಗೂ "ವಯಸ್ಸು" ಅನ್ನೋದು ಬಿಟ್ಟು ಬೇರೆ ಹೊಳೆಯಲ್ಲ.

ಬೆಳಿಗ್ಗೆ ಬೆರಳು ಬಿಗಿಯೋದು, ಭುಜ ಹಿಡ್ಕೊಳ್ಳೋದು ಹಾರ್ಮೋನ್ ಇಂಜೆಕ್ಷನ್ ತಗೊಳ್ಳೋರಲ್ಲಿ ತುಂಬಾ ನೋಡಿದೀನಿ. ಈ ಇಂಜೆಕ್ಷನ್ ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನನ್ನ ತೀರಾ ಕೆಳಗೆ ಇಳಿಸುತ್ತೆ. ಗಂಡಸರ ಮೈಯಲ್ಲೂ ಈಸ್ಟ್ರೋಜನ್ ಇರುತ್ತೆ, ಅದು ತಯಾರಾಗೋದು ಟೆಸ್ಟೋಸ್ಟೆರಾನ್‌ನಿಂದಲೇ. ಇದು ನಿಂತ್ರೆ ಅದೂ ಕಮ್ಮಿ. ಆಗ ಕೀಲು ನೋಯುತ್ತೆ, ಮಾಂಸಖಂಡ ಕರಗುತ್ತೆ, ಮೂಳೆ ಸವೆಯುತ್ತೆ. ಅಬಿರಾಟೆರೋನ್‌ಗೂ ಕೀಲು ನೋವು ಸೇರಿದ್ದೇ. ಅದು ಪೊಟ್ಯಾಸಿಯಮ್ ಇಳಿಸಿದ್ರೆ ತೊಡೆ, ಮೀನಖಂಡ ಸೆಳೆಯುತ್ತೆ, ಶಕ್ತಿ ಇಲ್ಲ ಅನ್ಸುತ್ತೆ.

ಈಗ ನೀವು ಹೇಳಿ. ಜೊಲೆಡ್ರೊನಿಕ್ ಹಾಕಿಸಿದ ಮಾರನೇ ದಿನ ಜ್ವರ ಬಂದಂಗೆ ಮೈಯೆಲ್ಲಾ ನೋಯುತ್ತಾ? ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತೀರಾ? ವಿಟಮಿನ್ ಡಿ ಯಾವಾಗಾದ್ರೂ ನೋಡಿದಾರಾ? ಪ್ರೆಡ್ನಿಸೋಲೋನ್ ಡೋಸ್ ಇತ್ತೀಚೆಗೆ ಕಮ್ಮಿ ಮಾಡಿದಾರಾ? ಸ್ಟೀರಾಯ್ಡ್ ಇಳಿಸಿದಾಗಲೂ ಕೀಲು ಕಿತ್ಕೊಂಡು ಬರೋ ನೋವು ಬರುತ್ತೆ. ಹಾಗಂತ ನೀವಾಗೇ ಏರಿಸೋದು ಇಳಿಸೋದು ಮಾಡಬೇಡಿ. ಮತ್ತೆ, ಇಷ್ಟೆಲ್ಲಾ ತಿರುಗಾಡೋ ನೋವಿನ ಮಧ್ಯೆ ಒಂದೇ ಜಾಗದಲ್ಲಿ ಕೂತಿರೋ ನೋವು ಯಾವುದಾದ್ರೂ ಇದೆಯಾ?

ಹರಿಹರದ ಮಗಳು

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಮ್ಮಪ್ಪಾಜಿಗೆ ಡೋಸಿಟ್ಯಾಕ್ಸೆಲ್ ಕೀಮೋ ಆಗ್ತಿತ್ತು, 21 ದಿನಕ್ಕೊಂದು. ಕೀಮೋ ದಿನ ಆರಾಮಾಗಿ ಬಂದು ಊಟ ಮಾಡಿ ಮಲಗೋರು. ಆಮೇಲೆ ಎರಡು ಮೂರು ದಿನಕ್ಕೆ ಸೊಂಟ, ಎದೆ ಮೂಳೆ ಒಳಗಿಂದ ಯಾರೋ ಗುದ್ದಿದಂತೆ ನೋವು. ಕ್ಯಾನ್ಸರ್ ಇನ್ನೂ ಮೂಳೆಗೆ ಹರಡ್ತು ಅಂತಲೇ ನಾವೆಲ್ಲಾ ಅಳೋದು. ನೋಡಿದ್ರೆ ಬಿಳಿ ರಕ್ತಕಣ ಏರಿಸೋಕೆ ಅಂತ ಮಾರನೇ ದಿನ ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ ಇದೆಯಲ್ಲ, ಪೆಗ್‌ಫಿಲ್‌ಗ್ರಾಸ್ಟಿಮ್, ಅದರ ನೋವಂತೆ. ಮೂಳೆಯ ಮಜ್ಜೆಗೆ ಒಮ್ಮೆಲೇ ಕೆಲಸ ಕೊಡುತ್ತಲ್ಲ, ಅದಕ್ಕೆ. ಇದನ್ನ ಇಂಜೆಕ್ಷನ್ ಕೊಡೋರು ಮುಂಚೆನೇ ಒಂದು ಮಾತು ಹೇಳಿದ್ದಿದ್ರೆ ನಾವು ಅಷ್ಟು ರಾತ್ರಿ ನಿದ್ದೆ ಕೆಡ್ತಿರಲಿಲ್ಲ.

ಹಳೇ ಫಿಟ್ಟರ್ (ದಾವಣಗೆರೆ)

ಸಿಸ್ಟರ್, ನೀವು ಕೇಳಿದ್ದಕ್ಕೆಲ್ಲಾ ಉತ್ತರ ಕೊಡ್ತೀನಿ. ಡ್ರಿಪ್ ಹಾಕಿದ ರಾತ್ರಿ ಚಳಿಜ್ವರ ಹೌದು, ಮೊದಲನೇ ಸಲ ಭಾರೀ ಇತ್ತು, ಈಗೀಗ ಕಮ್ಮಿ. ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ತಗೊಳ್ತೀನಿ, ಹಾರ್ಟಿಗೆ ಸ್ಟೆಂಟ್ ಹಾಕಿದಾಗಿಂದ. ಅದನ್ನ ಕೊಡೋ ಡಾಕ್ಟ್ರೇ ಬೇರೆ, ಕ್ಯಾನ್ಸರ್ ಡಾಕ್ಟ್ರೇ ಬೇರೆ. ಒಬ್ಬರ ಚೀಟಿ ಇನ್ನೊಬ್ಬರು ನೋಡಿದ್ದು ನಾನು ಕಂಡಿಲ್ಲ. ವಿಟಮಿನ್ ಡಿ ನೋಡಿಸಿಲ್ಲ. ಸ್ಟೀರಾಯ್ಡ್ ಶುರುವಿಂದ ಅಷ್ಟೇ ಐತೆ.

ಒಂದೇ ಕಡೆ ಕೂತಿರೋ ನೋವು ಐತೆ. ಎಡಗಡೆ ಪಕ್ಕೆ. ಬೆರಳಿಟ್ಟು ತೋರಿಸಬಹುದು. ಕೆಮ್ಮಿದ್ರೆ, ಮಗ್ಗಲು ಬದಲಿಸಿದ್ರೆ ಜಾಸ್ತಿ.

ವಾರ್ಡ್ ಸಿಸ್ಟರ್ (ಚಿತ್ರದುರ್ಗ)

ಹಾಗಾದ್ರೆ ಆ ಪಕ್ಕೆ ನೋವನ್ನ ಉಳಿದಿದ್ದರ ಜೊತೆ ಸೇರಿಸಬೇಡಿ. ಮುಂದಿನ ಭೇಟಿವರೆಗೂ ಕಾಯದೆ ಫೋನ್ ಮಾಡಿ ಅದೊಂದನ್ನೇ ಹೇಳಿ. ಹರಡಿದ ಮೂಳೆ ಇರಬಹುದು, ಸವೆದ ಮೂಳೆ ಕೆಮ್ಮಿಗೇ ಬಿರುಕು ಬಿಟ್ಟಿರಬಹುದು. ಉರಿ ಉರಿ ಇದ್ದು ಚರ್ಮಕ್ಕೆ ಬಟ್ಟೆ ತಾಗಿದ್ರೂ ಆಗಲ್ಲ ಅನ್ನೋ ಥರ ಇದ್ರೆ ಸರ್ಪಸುತ್ತು ಏಳೋಕೆ ಮುಂಚಿನ ನೋವೂ ಆಗಿರಬಹುದು. ಸ್ಟೀರಾಯ್ಡ್ ತಗೊಳ್ಳೋರಿಗೆ ಅದು ಬೇಗ ಬರುತ್ತೆ. ದಿನಾ ಅಂಗಿ ಬಿಚ್ಚಿ ಗುಳ್ಳೆ ಇದೆಯಾ ಅಂತ ಮನೆಯವರಿಗೆ ತೋರಿಸಿ.

ಇನ್ನೊಂದು ಮಾತು, ಇದನ್ನ ಈ ಚರ್ಚೆ ಓದೋರೆಲ್ಲಾ ನೆನಪಿಟ್ಕೊಳ್ಳಿ. ಬೆನ್ನು ನೋವು ಹೊಸದಾಗಿ ಬಂದು, ಮಲಗಿದ್ರೆ ಜಾಸ್ತಿ ಆಗಿ, ಕಾಲಿಗೆ ಶಕ್ತಿ ಇಲ್ಲ, ಚಪ್ಪಲಿ ಜಾರಿದ್ದೂ ಗೊತ್ತಾಗಲ್ಲ, ಕೂರೋ ಜಾಗ ಜೋಮು, ಮೂತ್ರ ಮಲ ಹಿಡಿತಕ್ಕೆ ಸಿಗಲ್ಲ ಅಂದ್ರೆ ಬೆಳಗಾಗೋವರೆಗೂ ಕೂರಬೇಡಿ. ಬೆನ್ನುಹುರಿ ಒತ್ತಿಕೊಳ್ತಿರಬಹುದು. ಅವತ್ತೇ ಎಂಆರ್‌ಐ ಆಗಬೇಕು.

ಮಂಡಿಪೇಟೆ ಮಾವ (ದಾವಣಗೆರೆ)

ಇಷ್ಟೆಲ್ಲಾ ಯಾಕ್ರಿ. ನಮ್ಮ ಕಡೆ ನಾಟಿ ವೈದ್ಯರೊಬ್ರು ಇದಾರೆ, ಎಣ್ಣೆ ಹಾಕಿ ನರ ಎಳೆದು ತಿಕ್ಕಿದ್ರೆ ಒಂದೇ ವಾರ. ಇಂಗ್ಲಿಷ್ ಔಷಧಿ ಹೀಟು. ನನ್ನ ಸೊಂಟ ನೋವು ಹಂಗೇ ಹೋಗಿದ್ದು.

ಹರಿಹರದ ಮಗಳು

ಮಾವಾರೆ, ನಿಮ್ಮ ಸೊಂಟದಲ್ಲಿ ಕ್ಯಾನ್ಸರ್ ಇರಲಿಲ್ಲ.

ವಾರ್ಡ್ ಸಿಸ್ಟರ್ (ಚಿತ್ರದುರ್ಗ)

ಬೆರಳಿಗೆ, ಮಂಡಿಗೆ ಮನೆಯಲ್ಲೇ ಉಗುರುಬೆಚ್ಚಗಿನ ಎಣ್ಣೆ ಸವರಿಕೊಳ್ಳೋದಕ್ಕೆ ನನ್ನ ತಕರಾರಿಲ್ಲ, ಹಿತ ಆಗುತ್ತೆ. ಆದ್ರೆ ಹರಡಿರೋ ಮೂಳೆ ಮೇಲೆ, ಅದರಲ್ಲೂ ಬೆನ್ನು, ಸೊಂಟ, ಪಕ್ಕೆ ಮೇಲೆ ಒತ್ತಿ ತಿಕ್ಕೋದು, ಎಳೆಯೋದು, ಲಟಿಕೆ ತೆಗೆಯೋದು ಬೇಡವೇ ಬೇಡ. ಮುರಿಯುತ್ತೆ. ಬಾಯಿಗೆ ಕೊಡೋ ಪುಡಿ ಕಷಾಯನೂ ಅಷ್ಟೇ, ಅಬಿರಾಟೆರೋನ್ ಮೊದಲೇ ಲಿವರ್ ಮೇಲೆ ಭಾರ ಹಾಕೋ ಮಾತ್ರೆ. ಏನೇ ತಗೊಂಡ್ರೂ ಡಾಕ್ಟರಿಗೆ ಹೇಳಿ ತಗೊಳ್ಳಿ.

ಫಿಟ್ಟರ್ ಅಣ್ಣಾರೆ, ಸ್ಟಾಟಿನ್ ಅಂದ್ರೆ ನಿಮ್ಮ ಕೊಲೆಸ್ಟ್ರಾಲ್ ಮಾತ್ರೆ ಕೆಲವರಿಗೆ ತೊಡೆ ಭುಜದ ಮಾಂಸಖಂಡ ನೋಯಿಸುತ್ತೆ, ಅದು ಎಲ್ಲರಿಗೂ ಗೊತ್ತಿರೋದೇ. ಅಬಿರಾಟೆರೋನ್‌ನಿಂದಲೂ ಅಪರೂಪಕ್ಕೆ ಮಾಂಸಖಂಡಕ್ಕೆ ಪೆಟ್ಟಾಗಿರೋದುಂಟು. ಎರಡೂ ತಗೊಳ್ಳೋರಿಗೆ ಸಿಪಿಕೆ ಅಂತ ಒಂದು ರಕ್ತಪರೀಕ್ಷೆ ಮಾಡಿಸೋದು ಒಳ್ಳೇದು. ಮೂತ್ರ ಕಪ್ಪು ಚಹಾ ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಹೋಗಿ. ಸ್ಟೆಂಟ್ ಇದೆ ಅಂತೀರಿ, ಸ್ಟಾಟಿನ್ ನೀವಾಗೇ ನಿಲ್ಲಿಸಬೇಡಿ. ಎರಡೂ ಚೀಟಿ ಒಂದೇ ಫೈಲಿಗೆ ಹಾಕ್ಕೊಂಡು ಇಬ್ಬರಿಗೂ ತೋರಿಸಿ.

ಮನೆಯಾಕೆ (ಹೊಳಲ್ಕೆರೆ)

ನಾನು ಬರೆಯೋಳಲ್ಲ, ಓದ್ತಾ ಇರ್ತೀನಿ. ಆದ್ರೆ ಒಂದು ಹೇಳಲೇಬೇಕು ಅನ್ನಿಸ್ತು.

ನಮ್ಮನೆಯವರು ರಾತ್ರಿಯೆಲ್ಲಾ "ಅಯ್ಯಪ್ಪಾ, ಅವ್ವಾ" ಅಂತ ನರಳ್ತಾರೆ. ಬೆಳಿಗ್ಗೆ ಬಸ್ ಹತ್ತಿ ಆಸ್ಪತ್ರೆಗೆ ಹೋದ್ರೆ, ಡಾಕ್ಟ್ರು "ಹೆಂಗಿದೀರಾ" ಅನ್ನೋದೇ ತಡ, ಪಂಚೆ ಸರಿ ಮಾಡ್ಕೊಂಡು ನೆಟ್ಟಗೆ ಕೂತು "ಆರಾಮಿದೀನಿ ಸಾರ್" ಅಂತಾರೆ. ನಾನು ಬಾಯಿ ತೆಗೆದ್ರೆ ಕಣ್ಣು ಬಿಡ್ತಾರೆ. ಹೊರಗೆ ಬಂದ ಮೇಲೆ ಮೆಟ್ಟಿಲು ಇಳಿಯೋಕೆ ನನ್ನ ಹೆಗಲು ಬೇಕು. ಇನ್ನು ಡಾಕ್ಟ್ರು ಪಾಪ ಏನು ಮಾಡ್ತಾರೆ?

ಅದಕ್ಕೆ ನಾನು ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ಶುರು ಮಾಡಿದೆ. ಇಂಜೆಕ್ಷನ್ ಹಾಕಿಸಿದ ದಿನಕ್ಕೆ ಸುತ್ತು. ನೋವು ಬಂದ ಕಡೆ "ತೊ", "ಭು", "ಸೊಂ". ಎಷ್ಟು ಅಂತ ಹತ್ತಕ್ಕೆ ಅಂಕ. ರಾತ್ರಿ ಎದ್ದಿದ್ರೆ ಒಂದು ಗೀಟು. ನೋವಿನ ಮಾತ್ರೆ ಕೊಟ್ಟಿದ್ರೆ ಅದರ ಹೆಸರು. ಮುಂದಿನ ಸಲ ಆ ಹಾಳೆ ಹರಿದು ತಗೊಂಡು ಹೋಗಿ ಡಾಕ್ಟ್ರ ಮೇಜಿನ ಮೇಲೆ ಇಟ್ಟೆ. ಇವರು ಮುಖ ಊದಿಸಿದ್ರು. ಡಾಕ್ಟ್ರು ಮಾತ್ರ ಹಾಳೆ ಹಿಡ್ಕೊಂಡು ಒಂದು ಗೀಟು ಬಿಡದೆ ನೋಡಿದ್ರು, ನೋವಿನ ಔಷಧಿ ಅವತ್ತೇ ಬದಲಾಯ್ತು.

ಇನ್ನೊಂದು. ಇವರಿಗೆ ಒಮ್ಮಿಂದೊಮ್ಮೆಲೆ ಮೈ ಕಾದು ಬೆವರಿ, ಆಮೇಲೆ ಚಳಿ ಅಂತ ಕಂಬಳಿ ಎಳ್ಕೊಳ್ತಾರೆ. ನಿದ್ದೆ ಇಲ್ಲ, ಸಿಟ್ಟು. ನಮಗೆ ಮುಟ್ಟು ನಿಲ್ಲೋ ಕಾಲಕ್ಕೆ ಆಗುತ್ತಲ್ಲ, ಅದೇ. ಆಗ "ಏನಾಗಿದೆ ನಿನಗೆ" ಅಂತ ಬೈಯ್ತಿದ್ರು. ಈಗ ಕೇಳ್ತಾರೆ, "ನಿನಗೂ ಹಿಂಗೇ ಆಗ್ತಿತ್ತೇನೇ?"

ತೆಂಗಿನ ತೋಟ (ಹೊಸದುರ್ಗ)

ಅಕ್ಕಾರೆ, ಗಂಡಸರ ಮರ್ಯಾದೆ ತೆಗೆದುಬಿಟ್ರಿ. ಆದ್ರೆ ನಿಜ.

ಜಗಳೂರು ಮೇಷ್ಟ್ರು

ನನ್ನ ಪ್ರಶ್ನೆ ನೋವಿನ ಮಾತ್ರೆ ಬಗ್ಗೆ. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಡೈಕ್ಲೋಫೆನಾಕ್ ಕೊಡ್ತಾರೆ. ಪಟ್ಟಂತ ಕಮ್ಮಿ ಆಗುತ್ತೆ. ದಿನಾ ತಗೋಬಹುದಾ? ಮತ್ತೆ ನಮ್ಮ ಅಣ್ಣನಿಗೆ ಮಾರ್ಫಿನ್ ಬರೆದುಕೊಟ್ಟಿದಾರೆ. ಅದು ಕೊಟ್ಟರೆ ಮುಗೀತು ಅಂತಲೇ ಮನೇಲೆಲ್ಲಾ ಗೋಳು.

ವಾರ್ಡ್ ಸಿಸ್ಟರ್ (ಚಿತ್ರದುರ್ಗ)

ಡೈಕ್ಲೋಫೆನಾಕ್ ನೀವಾಗೇ ದಿನಾ ತಗೋಬೇಡಿ ಮೇಷ್ಟ್ರೆ. ಪ್ರೆಡ್ನಿಸೋಲೋನ್ ಜೊತೆ ಸೇರಿದ್ರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಕಿಡ್ನಿಗೂ ಪೆಟ್ಟು. ಜೊಲೆಡ್ರೊನಿಕ್ ಕೂಡ ಕಿಡ್ನಿ ಮೂಲಕವೇ ಹೊರಗೆ ಹೋಗೋದು, ಅದಕ್ಕೇ ಪ್ರತಿ ಸಲ ಡ್ರಿಪ್ಪಿಗೆ ಮುಂಚೆ ಕ್ರಿಯಾಟಿನಿನ್ ಅನ್ನೋ ಕಿಡ್ನಿ ಪರೀಕ್ಷೆ ನೋಡ್ತಾರೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಮೊದಲ ಮೆಟ್ಟಿಲು. ನೋವು ಬಂದಾಗ ಒಂದು ಅಂತಲ್ಲ, ಡಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ತಗೊಂಡ್ರೆ ಅದೂ ಸಾಕಷ್ಟು ಕೆಲಸ ಮಾಡುತ್ತೆ.

ಮಾರ್ಫಿನ್ ವಿಷಯ. ಕೊನೆಗಾಲದ ಔಷಧಿ ಅಲ್ಲ ಅದು, ನೋವಿನ ಔಷಧಿ. ಮಾರ್ಫಿನ್ ತಗೊಂಡು ಹೊಲಕ್ಕೆ ಹೋಗಿ ಬರೋರನ್ನ ನೋಡಿದೀನಿ. ಡಾಕ್ಟರ್ ಹೇಳಿದಂತೆ ನೋವಿಗೆ ತಗೊಂಡ್ರೆ ಚಟ ಹತ್ತೋದು ತೀರಾ ಕಮ್ಮಿ. ಮಲಬದ್ಧತೆ ಮಾತ್ರ ಬಹುತೇಕರಿಗೆ ಆಗುತ್ತೆ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಬರೆಸಿಕೊಳ್ಳಿ. ಮುಂಚೆ ಇದನ್ನ ಇಟ್ಕೊಳ್ಳೋಕೆ ಆಸ್ಪತ್ರೆಗಳಿಗೆ ಲೈಸೆನ್ಸ್ ಮೇಲೆ ಲೈಸೆನ್ಸ್ ಬೇಕಿತ್ತು. 2014ರಲ್ಲಿ ಕಾಯ್ದೆ ತಿದ್ದುಪಡಿ ಆದ ಮೇಲೆ ಸಲೀಸಾಗಿದೆ. ಆದ್ರೂ ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗಲ್ಲ. ಖಾಲಿ ಆಗೋ ದಿನಕ್ಕೆ ಓಡಬೇಡಿ, ವಾರ ಮುಂಚೆನೇ ತರಿಸಿ. ಒಮ್ಮೆಲೇ ನಿಲ್ಲಿಸೋ ಔಷಧಿಯಲ್ಲ ಅದು.

ಮೂಳೆ ಒಂದೇ ಕಡೆ ನೋಯ್ತಿದ್ರೆ ರೇಡಿಯೇಷನ್ ಕೂಡ ನೋವಿನ ಔಷಧಿಯೇ. ಎಷ್ಟೋ ಜನಕ್ಕೆ 8 ಗ್ರೇ (ರೇಡಿಯೇಷನ್ ಅಳತೆ) ಅಂತ ಒಂದೇ ಸಲಕ್ಕೆ ಕೊಟ್ಟು ಮುಗಿಸ್ತಾರೆ.

ಬೆಂಗಳೂರಲ್ಲಿರೋ ದುರ್ಗದ ಹುಡುಗ

ಬೆನ್ನುಹುರಿ ಬಗ್ಗೆ ಸಿಸ್ಟರ್ ಬರೆದದ್ದನ್ನ ದಯವಿಟ್ಟು ಹಗುರ ತಗೋಬೇಡಿ. ನಮ್ಮ ದೊಡ್ಡಪ್ಪ ಚಳ್ಳಕೆರೆ ಹತ್ರ ಹಳ್ಳಿಯಲ್ಲಿರೋದು. ಬೆನ್ನು ನೋವು ಅಂತ ಹೇಳ್ತಾನೇ ಇದ್ರು. ತೋರಿಸಿದ ಕಡೆ ಎಕ್ಸ್‌ರೇ ತೆಗೆದು ಬೆಲ್ಟ್ ಕೊಟ್ಟು ಕಳಿಸಿದ್ರು, ಕ್ಯಾನ್ಸರ್ ಇದೆ ಅಂತ ಹೇಳಿದ ಮೇಲೂ. ಒಂದು ಸಂಜೆ ಜಗಲಿಯಿಂದ ಏಳೋಕೆ ಹೋಗಿ ಕಾಲು ಎಡವಿ ಕೂತ್ರು. ದೊಡ್ಡಮ್ಮ ಫೋನ್ ಮಾಡಿದ್ರು, ಅವತ್ತು ರಾತ್ರಿಯೇ ಕಾರ್ ಮಾಡಿಸಿ ಹೈವೇ ಹಿಡಿದು ಬೆಂಗಳೂರಿಗೆ ಕರೆಸಿದ್ವಿ. ಎಂಆರ್‌ಐ, ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್, ರೇಡಿಯೇಷನ್ ಸಾಲಾಗಿ ಆಯ್ತು. ಈಗ ಕೋಲು ಹಿಡಿದು ನಡೀತಾರೆ. ಅಲ್ಲಿನ ಡಾಕ್ಟರ್ ಹೇಳಿದ್ದು: ಚಿಕಿತ್ಸೆ ಶುರು ಆಗೋ ಹೊತ್ತಿಗೆ ನಡೀತಿದ್ದವರೇ ಆಮೇಲೂ ನಡೆಯೋ ಸಾಧ್ಯತೆ ಜಾಸ್ತಿ, ಕಾಲು ಪೂರ್ತಿ ಬಿದ್ದ ಮೇಲೆ ಬಂದ್ರೆ ಎಬ್ಬಿಸೋದು ಕಷ್ಟ.

ಮನೆಯಾಕೆ (ಹೊಳಲ್ಕೆರೆ)

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬರೋ ಖರ್ಚಿನ ಬಗ್ಗೆ ಯಾರಾದ್ರೂ ಹೇಳ್ರಿ. ಮುಂದಿನ ತಿಂಗಳು ಅಲ್ಲಿಗೆ ಬರೆದುಕೊಟ್ಟಿದಾರೆ. ಬಸ್ಸಲ್ಲಿ ಕೂತು ಕೂತು ಇವರ ಸೊಂಟ ಬಿದ್ದೋಗುತ್ತೆ.

ಹರಿಹರದ ಮಗಳು

ಅಮ್ಮಾ, ರೈಲಲ್ಲಿ ಹೋಗಿ. ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ರೋಗಿಗೆ ಸ್ಲೀಪರ್, ತ್ರೀ ಟಯರ್ ಏಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗೋ ಒಬ್ಬರಿಗೆ ಮುಕ್ಕಾಲು ಭಾಗ ರಿಯಾಯಿತಿ. ಆಸ್ಪತ್ರೆಯವರು ರೈಲ್ವೆ ನಮೂನೆಯಲ್ಲೇ ಸರ್ಟಿಫಿಕೇಟ್ ಬರೆದು ಸೀಲ್ ಹಾಕಬೇಕು. ಅದನ್ನ ತಗೊಂಡು ಸ್ಟೇಷನ್ ಕೌಂಟರಿಗೇ ಹೋಗಿ. ಮಲಗಿಕೊಂಡು ಹೋದ್ರೆ ಅಪ್ಪಾಜಿಗೆ ಅರ್ಧ ನೋವು ಇರ್ತಿರಲಿಲ್ಲ. ಆಯುಷ್ಮಾನ್ ಆರೋಗ್ಯ ಕರ್ನಾಟಕದ ಕಾರ್ಡು, ರೇಷನ್ ಕಾರ್ಡು, ಆಧಾರ್ ಎಲ್ಲಾ ಒಂದೇ ಚೀಲದಲ್ಲಿರಲಿ.

ಹಳೇ ಫಿಟ್ಟರ್ (ದಾವಣಗೆರೆ)

ಬಹಳ ದಿನ ಆದ ಮೇಲೆ ಬಂದೆ. ಏನೇನಾಯ್ತು ಅಂತ ಹೇಳ್ತೀನಿ.

ಪಕ್ಕೆ ನೋವು ಅಂತ ಅದೊಂದನ್ನೇ ಫೋನ್ ಮಾಡಿ ಹೇಳಿದೆ. ಬರೋಕೆ ಹೇಳಿದ್ರು. ಡಾಕ್ಟ್ರು ಬೆರಳಿಂದ ಒತ್ತಿ ನೋಡಿ, ಹಳೇ ಸ್ಕ್ಯಾನ್ ತೆಗೆದು ಇಟ್ರು. ಅದೇ ಪಕ್ಕೆಲುಬು, ಮೊದಲೇ ಹರಡಿದ್ದದ್ದು. ಒಂದೇ ಸಿಟ್ಟಿಂಗ್ ರೇಡಿಯೇಷನ್ ಕೊಟ್ರು. ಕೊಟ್ಟ ಮಾರನೇ ದಿನ ನೋವು ಇನ್ನೂ ಏರಿತು. ಮುಂಚೆನೇ ಹೇಳಿದ್ರು, ಕೆಲವರಿಗೆ ಹಿಂಗೆ ಏರಿ ಆಮೇಲೆ ಇಳಿಯುತ್ತೆ ಅಂತ, ಹಾಗಾಗಿ ಗಾಬರಿ ಆಗಲಿಲ್ಲ. ಈಗ ಕೆಮ್ಮಬಹುದು.

ವಿಟಮಿನ್ ಡಿ 11 ಬಂತು, ಕಮ್ಮಿ. ವಾರಕ್ಕೊಂದು 60,000 ಯೂನಿಟ್ ಪುಡಿ, ದಿನಾ ಕ್ಯಾಲ್ಸಿಯಂ. ಸಿಪಿಕೆ ಏರಿತ್ತು, ಭಾರೀ ಏನಲ್ಲ. ಇಬ್ಬರು ಡಾಕ್ಟ್ರೂ ಫೋನಲ್ಲಿ ಮಾತಾಡಿಕೊಂಡ್ರು, ನನ್ನ ಎದುರಿಗೇ! ಸ್ಟಾಟಿನ್ ಸ್ವಲ್ಪ ದಿನ ನಿಲ್ಲಿಸಿ ನೋಡೋಣ ಅಂದ್ರು. ತೊಡೆ ನೋವು ಮುಕ್ಕಾಲು ಹೋಗೈತೆ. ಮತ್ತೆ ಬೇರೆ ಮಾತ್ರೆ ಶುರು ಮಾಡ್ತಾರಂತೆ, ಸ್ಟೆಂಟ್ ಐತಲ್ಲ.

ಬೆರಳು ಹಂಗೇ ಐತೆ. ಹೊಸದುರ್ಗದ ಅಣ್ಣನ ಬಿಸಿನೀರು ಮಾಡ್ತೀನಿ. ಫಿಸಿಯೋಥೆರಪಿಯವರು ಸ್ಪಂಜಿನ ಚೆಂಡು ಕೊಟ್ಟಿದಾರೆ ಹಿಸುಕೋಕೆ, ರಬ್ಬರ್ ಪಟ್ಟಿ ಕೊಟ್ಟಿದಾರೆ ಎಳೆಯೋಕೆ. ಕುಂದವಾಡ ಕೆರೆ ಏರಿ ಮೇಲೆ ಸಂಜೆ ನಡೀತೀನಿ. ಮೊದಲು ಒಂದು ಬೆಂಚಿನವರೆಗೆ, ಈಗ ಮೂರ್ನಾಲ್ಕು ಬೆಂಚು. ನಡೆದ ದಿನ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತೆ, ಅಷ್ಟು ಗ್ಯಾರಂಟಿ. ಭುಜ ಮಾತ್ರ ಯಾವುದಕ್ಕೆ ನೋಯುತ್ತೆ ಅಂತ ಯಾರಿಗೂ ಬಗೆಹರಿದಿಲ್ಲ. "ಗೊತ್ತಿಲ್ಲ, ಆದ್ರೆ ನೋವು ಇದೆ ಅಂತ ಒಪ್ಕೊಳ್ತೀನಿ" ಅಂದ್ರು ಡಾಕ್ಟ್ರು. "ವಯಸ್ಸು" ಅನ್ನೋದಕ್ಕಿಂತ ಅದು ವಾಸಿ.

ಒಂದು ದವಡೆ ಹಲ್ಲು ಅಲ್ಲಾಡ್ತೈತೆ, ಮುಂದಿನ ವಾರ ಕೀಳಿಸಿಬಿಡೋಣ ಅಂತಿದೀನಿ. ಅದಾದ ಮೇಲೆ ಇಲ್ಲಿ ಬಂದು ಬರೀತೀನಿ.

ವಾರ್ಡ್ ಸಿಸ್ಟರ್ (ಚಿತ್ರದುರ್ಗ)

ಅಣ್ಣಾರೆ, ನಿಲ್ಲಿ! ಹಲ್ಲು ಕೀಳಿಸಬೇಡಿ. ಜೊಲೆಡ್ರೊನಿಕ್ ತಗೊಳ್ಳೋರು ಹಲ್ಲು ಕಿತ್ತಿಸಿದ್ರೆ ದವಡೆ ಮೂಳೆ ಮಾಯದೆ ಕೊಳೆಯೋ ಅಪಾಯ ಇದೆ. ಮೊದಲು ಕ್ಯಾನ್ಸರ್ ಡಾಕ್ಟರಿಗೆ ಹೇಳಿ, ಹಲ್ಲಿನ ಡಾಕ್ಟರಿಗೆ ಡ್ರಿಪ್ಪಿನ ಚೀಟಿ ತೋರಿಸಿ. ದವಡೆ ಊತ ಇದೆಯಾ, ಕೀವು ಬರ್ತಿದೆಯಾ?

ಹಳೇ ಫಿಟ್ಟರ್ (ದಾವಣಗೆರೆ)

ಕೀವಿಲ್ಲ ಸಿಸ್ಟರ್. ಸ್ವಲ್ಪ ಜುಮ್ಮು ಅನ್ಸುತ್ತೆ, ಅಷ್ಟೇ. ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ, ಹಲ್ಲಿನವರ ಅಪಾಯಿಂಟ್‌ಮೆಂಟ್ ಸದ್ಯಕ್ಕೆ ಕ್ಯಾನ್ಸಲ್.